ಮೊದಲು ಅಣ್ಣನಿಗೆ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹುಂಜ.

ಹತ್ತು ವರ್ಷದ ಹಿಂದೆ ಪ್ಯೊ ಮಾನ್‌ಬೊಕ್ ಮೊಕ್ಪೊ ಪೇಟೆಯ ತನ್ನ ಚಪ್ಪಲಿ ರಿಪೇರಿ ಅಂಗಡಿಗೆ ಬೀಗ ಹಾಕಿ, ಬಾಡಿಗೆ ಅಗ್ಗವೆಂದು ಗಾಲ್‌ಮೊಕ್ ದ್ವೀಪಕ್ಕೆ ಬಂದಿಳಿದ. ಆಗ ಅವನಿಗೆ ಅರವತ್ತು ಕೂಡ ತುಂಬಿರಲಿಲ್ಲ. ಆದರೆ ಕೆಲವರ ಮುಖಕ್ಕೆ ಅವರಿಗಿಂತ ಮುಂಚೆಯೇ ಮುಪ್ಪು ಬಂದುಬಿಡುತ್ತದೆ. ಬೋಳುತಲೆ, ಬಿಸಿಲಿಗೆ ಹಾಕಿ ಮರೆತ ಮೂಲಂಗಿಯಂಥ ಕೆನ್ನೆ. ಊರಿನ ಮುದುಕರೆಲ್ಲ ಸೇರಿ ಹಗಲು ಕಳೆಯುವ ಹಿರಿಯರ ಮನೆಗೆ ಪರಿಚಯಕ್ಕೆಂದು ಹೋದವನ ಕಣ್ಣಿಗೆ ಮೊದಲು ಬಿದ್ದದ್ದು ತಾಕ್ ಸಾಂಗ್‌ಚುಲ್. ತಲೆಗೂದಲಿಗೆ ಕಾಡಿಗೆಯಂಥ ಬಣ್ಣ, ಸೊಂಟ ಮಾತ್ರ ಕುಡುಗೋಲು. ಒಂದು ಕೈಯಲ್ಲಿ ಕಾಫಿಯ ತಟ್ಟೆ, ಇನ್ನೊಂದರಲ್ಲಿ ನೆಲ ಒರೆಸುವ ಬಟ್ಟೆ. ಅಲ್ಲಿರುವ ಮುದುಕರಲ್ಲೆಲ್ಲ ಕಿರಿಯ ಅವನೇ. ಕಿರಿಯ ಎಂದಮೇಲೆ ಅಕ್ಕಿ ತೊಳೆಯುವುದು, ಪಾತ್ರೆ ಉಜ್ಜುವುದು, ಹಿರಿಯರು ಹೊರಡುವಾಗ ಅವರ ಚಪ್ಪಲಿ ತಿರುಗಿಸಿಡುವುದು ಎಲ್ಲವೂ ಅವನ ಪಾಲು.

"ಯಾವ ಪ್ರಾಣಿ ವರ್ಷ ನಿಮ್ದು?" ಎಂದು ಒಳಗಿನಿಂದ ಕೇಳಿದರು. ಹನ್ನೆರಡು ವರ್ಷದ ಸುತ್ತಿಗೆ ಹನ್ನೆರಡು ಪ್ರಾಣಿ; ಹುಟ್ಟಿದ ವರ್ಷದ ಪ್ರಾಣಿ ಹೇಳಿದರೆ ವಯಸ್ಸು ಹೇಳಿದಂತೆ. ಅದು ಗೊತ್ತಾಗದೆ ಆ ಮನೆಯಲ್ಲಿ ಮಾತು ಮುಂದುವರಿಯುವಂತಿರಲಿಲ್ಲ; ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯಬೇಕಲ್ಲ.

ಮಾನ್‌ಬೊಕ್ ಹುಟ್ಟಿದ್ದು ಕೋತಿಯ ವರ್ಷದಲ್ಲಿ. ಹಾಗೆಂದರೆ ಸಾಂಗ್‌ಚುಲ್‌ನ ಕೈಯ ತಟ್ಟೆ ಆ ಕ್ಷಣವೇ ತನ್ನ ಕೈಗೆ ಬರುತ್ತದೆ. ಜೀವಮಾನವೆಲ್ಲ ಕಂಡವರ ಚಪ್ಪಲಿ ಮುಟ್ಟಿ ಸಾಕಾಗಿತ್ತು. ಏನು ಹೇಳುವುದೆಂದು ತಡವರಿಸುತ್ತಿದ್ದಾಗ ಅಂಗಳದಲ್ಲಿ ಒಂದು ಹುಂಜ ಎದೆಯುಬ್ಬಿಸಿಕೊಂಡು ಹಾದುಹೋಯಿತು.

"ಹುಂಜ" ಎಂದುಬಿಟ್ಟ.

ಅಷ್ಟೇ. ಬಾಯಿಂದ ಒಂದು ಕೋಳಿ ಹಾರಿತು, ವಯಸ್ಸಿಗೆ ಹನ್ನೊಂದು ವರ್ಷ ಸೇರಿತು. ಸಾಂಗ್‌ಚುಲ್ ಓಡಿಬಂದು, ಎರಡೂ ಕೈಯಲ್ಲಿ ಕಾಫಿ ಹಿಡಿದು, "ತಗೊಳ್ಳಿ ಅಣ್ಣಾ" ಎಂದ. ಆ ಕಾಫಿಯಷ್ಟು ರುಚಿಯಾದದ್ದನ್ನು ಮಾನ್‌ಬೊಕ್ ಅದಕ್ಕೆ ಮುಂಚೆ ಕುಡಿದಿರಲಿಲ್ಲ.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಇದಕ್ಕೆ ಕಾಲು ಬೇಕಾಗಲೇ ಇಲ್ಲ, ಕೂತಲ್ಲೇ ಬೆಳೆಯಿತು. ಅವನಿಗಿಂತ ಮೇಲೆ ಗು, ಓಕ್, ನಾಮ್ ಎಂದು ಮೂವರು ತಾತಂದಿರಿದ್ದರು. ನೆಲದಡಿ ಬಿಸಿನೀರಿನ ಕೊಳವೆ ಮೊದಲು ಹಾಯುವ ಮೂಲೆ, ಎಂದರೆ ಮನೆಯಲ್ಲೇ ಅತ್ಯಂತ ಬೆಚ್ಚಗಿನ ಜಾಗ, ಅವರದ್ದು. ಕಳೆದ ಚಳಿಗಾಲ ಫ್ಲೂ ಬಂತು. ಗಾಳಿ ಎದ್ದು ದೋಣಿ ನಿಂತಿತ್ತು, ದ್ವೀಪದಲ್ಲಿ ಯಾರಿಗೂ ಫ್ಲೂ ತಡೆಯುವ ಸೂಜಿ ಹಾಕಿರಲಿಲ್ಲ. ಮೂವರೂ ಒಬ್ಬರ ಹಿಂದೆ ಒಬ್ಬರು ಹೋದರು. ಅವರ ತಲೆದಿಂಬುಗಳು ಈಗಲೂ ಅಟ್ಟದ ಮೇಲಿವೆ. ಬಿಸಾಡಲು ಯಾರಿಗೂ ಮನಸ್ಸಿಲ್ಲ, ತಲೆಯಿಡಲು ಯಾರಿಗೂ ಧೈರ್ಯವಿಲ್ಲ.

ಮಾನ್‌ಬೊಕ್‌ನಿಗೂ ಬಂದಿತ್ತು. ಎದೆ ಗೊರಗೊರ ಎಂದಿತೇ ಹೊರತು ಜೀವ ಹೋಗಲಿಲ್ಲ. ಯಾಕೆಂದರೆ ಅವನು ಪ್ರತಿವರ್ಷ ತಂಗಿಯನ್ನು ನೋಡಿಬರುವ ನೆಪದಲ್ಲಿ ಮೊಕ್ಪೊಗೆ ಹೋಗಿ ಕದ್ದು ಸೂಜಿ ಹಾಕಿಸಿಕೊಂಡು ಬರುತ್ತಿದ್ದ. ಊರಲ್ಲಿ ಹಾಕಿಸಿಕೊಂಡರೆ ವಯಸ್ಸು ಬಯಲಾದೀತೆಂಬ ಭಯ. "ನೀವೂ ಬನ್ನಿ" ಎಂದು ಆ ಮೂವರಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಈಗ ಆ ದಿಂಬುಗಳಿಗೆ ಬೆನ್ನು ಮಾಡಿಯೇ ಕೂರುತ್ತಿದ್ದ.

ಹೀಗೆ ಅರವತ್ತೊಂಬತ್ತರ ಮಾನ್‌ಬೊಕ್ ಎಂಬತ್ತರ ಹಿರಿಯಣ್ಣನಾಗಿ ಬೆಚ್ಚನೆಯ ಜಾಗಕ್ಕೆ ಬಡ್ತಿ ಪಡೆದ. ಈಗ ಅವನು ಚಮಚ ಎತ್ತದೆ ಅಲ್ಲಿ ಯಾರೂ ಚಮಚ ಎತ್ತುವಂತಿಲ್ಲ. ಅವನು ಸೂಪು ಹೀರದೆ ಯಾರೂ ಹೀರುವಂತಿಲ್ಲ.

ಸುಗ್ಗಿಹಬ್ಬಕ್ಕೆ ಬಂದಿದ್ದ ಮಕ್ಕಳು ಮೊಮ್ಮಕ್ಕಳೆಲ್ಲ ತಿರುಗಿ ಹೋದ ವಾರ ಅದು. ಬೆಳಗಿನ ದೋಣಿಯಲ್ಲಿ ನರ್ಸ್ ಸೊನ್ ಬಂದಳು. ಹೆಗಲಲ್ಲಿ ಔಷಧಿ ತಣ್ಣಗಿಡುವ ನೀಲಿ ಪೆಟ್ಟಿಗೆ.

"ಹೋದ ವರ್ಷದ ಹಾಗೆ ಆಗ್ಬಾರ್ದು ಅಂತ ನಾನೇ ಬಂದಿದೀನಿ. ಫ್ಲೂ ಸೂಜಿ ಇವತ್ತು ಎಪ್ಪತ್ತೈದು ದಾಟಿದೋರಿಗೆ ಮಾತ್ರ. ಕಿರಿಯರಿಗೆ ಆಮೇಲೆ. ಸಂಜೆಯಿಂದ ಗಾಳಿ ಅಂತೆ, ಮಧ್ಯಾಹ್ನದ ದೋಣಿಗೆ ನಾನು ಹೋಗ್ಲೇಬೇಕು. ಯಾರು ಮೊದಲು?"

ಕೇಳಬೇಕೆ? ಇಡೀ ಕೋಣೆಯ ತಲೆಗಳು ಬೆಚ್ಚನೆಯ ಮೂಲೆಗೆ ತಿರುಗಿದವು.

"ಮೊದಲು ಅಣ್ಣನಿಗೆ!" ಎಂದಳು ಯೊಮ್ ಅಜ್ಜಿ. ಹಿರಿಯರ ಮನೆಯ ಯಜಮಾನಿಕೆ ಅವಳದ್ದು. ಎಪ್ಪತ್ತೆಂಟಾದರೂ ಗಂಟಲು ಹಡಗಿನ ಸಿಳ್ಳೆ. ಹಾಗೆಂದವಳೇ ಸ್ವಲ್ಪ ಕೆಮ್ಮಿದಳು.

"ಅಣ್ಣ ಆದ್ಮೇಲೆ ನಾನು" ಎಂದ ಪಾಂಗ್ ತಾತ. ಅವನಿಗೆ ಎಪ್ಪತ್ತೇಳು, ಗಂಡಸರಲ್ಲಿ ಎರಡನೆಯವನು. "ಎಲ್ಲದ್ರಲ್ಲೂ ಅಣ್ಣ ಆದ್ಮೇಲೆ ನಾನೇ" ಎಂದು ಸೇರಿಸಿ, ಅಟ್ಟದ ದಿಂಬುಗಳ ಕಡೆ ನೋಡಿ ಮುಖ ತಿರುಗಿಸಿದ.

ನರ್ಸ್ ಕೈಯಲ್ಲಿ ಪುಸ್ತಕದಗಲದ ಯಂತ್ರವಿತ್ತು. ಗುರುತಿನ ಸಂಖ್ಯೆ ಒತ್ತಿದರೆ ಹುಟ್ಟಿದ ಗಳಿಗೆಯವರೆಗೆ ಹೇಳುವ ಯಂತ್ರ. ಮಾನ್‌ಬೊಕ್‌ನ ಬೆನ್ನಲ್ಲಿ ಬೆವರು ಇಳಿಯಿತು.

"ಮೊದಲು ಎಲ್ರದ್ದೂ ಜ್ವರ ನೋಡ್ತೀನಿ. ಜ್ವರ ಇದ್ರೆ ಸೂಜಿ ಇಲ್ಲ" ಎಂದು ನರ್ಸ್ ಪೆಟ್ಟಿಗೆ ಬಿಚ್ಚತೊಡಗಿದಳು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮಾನ್‌ಬೊಕ್ ಹೊಟ್ಟೆನೋವು ಬಂದವನಂತೆ ಮುಂದಕ್ಕೆ ಬಾಗಿ, ತನ್ನ ಕೆಳಗಿನ ಕಾದ ನೆಲಕ್ಕೆ ಹಣೆ ಒತ್ತಿಕೊಂಡ. ದೋಸೆ ಹೆಂಚಿಗೆ ಒತ್ತಿದಂತಾಯಿತು, ಆದರೂ ಹಲ್ಲುಕಚ್ಚಿ ಮಲಗಿದ. ನರ್ಸ್ ಹತ್ತಿರ ಬಂದು ಹಣೆಗೆ ಜ್ವರ ಅಳೆಯುವ ಬಂದೂಕು ಹಿಡಿದಾಗ ಅದು ಕೀಂಕೀಂ ಎಂದು ಅರಚಿತು.

"ಅಯ್ಯೋ ತಾತ! ಸುಡ್ತಿದೆ! ಒಳಗೆ ಮಲಗಿ. ಇವತ್ತು ನಿಮಗಾಗಲ್ಲ."

ಮಾನ್‌ಬೊಕ್ ಒಳಕೋಣೆಗೆ ಹೋಗಿ ಮಲಗಿ ನಿಟ್ಟುಸಿರು ಬಿಟ್ಟ. ನಾಲ್ಕು ದಿನ ಬಿಟ್ಟು ಮೊಕ್ಪೊ, ತಂಗಿ, ಸೂಜಿ. ಎಲ್ಲ ಮೊದಲಿನ ಹಾಗೆ.

ಆದರೆ ಹೊರಗೆ ಚಪ್ಪಲಿಗಳ ಸದ್ದು ಕೇಳಿಸಿತು.

"ಎಲ್ಲಿಗೆ ಹೊರಟ್ರಿ?" ಇದು ನರ್ಸ್. "ಪಾಂಗ್ ತಾತ, ನಿಮ್ದೇ ಸರದಿ!"

"ಅಣ್ಣ ಹಾಕಿಸ್ಕೊಳ್ದೆ ನಾನು ಹೆಂಗಮ್ಮಾ ಹಾಕಿಸ್ಕೊಳ್ಳಲಿ? ಅಣ್ಣ ಗಂಜಿಗೆ ಚಮಚ ಹಾಕ್ದೆ ನಾನು ಹಾಕಿದ್ದುಂಟಾ?"

"ಇದು ಊಟ ಅಲ್ಲ ತಾತ, ಔಷಧಿ!"

"ಊಟಕ್ಕೇ ಅಷ್ಟು ಮರ್ಯಾದೆ ಇದ್ದಾಗ ಔಷಧಿಗೆ ಇನ್ನೆಷ್ಟಿರ್ಬೇಕು?"

ಉಳಿದ ಮುದುಕಿಯರೂ ಕೋಟು ಹಾಕಿಕೊಂಡರು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅನ್ನುವುದು ಸುಳ್ಳಲ್ಲ. ನರ್ಸ್ ಬೇಡಿದಳು, ರೇಗಿದಳು, ಕೊನೆಗೆ ಬಾಗಿಲಿಗೆ ಅಡ್ಡ ನಿಂತು, "ಗಾಳಿ ಎದ್ರೆ ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ. ಹೋದ ವರ್ಷ ಏನಾಯ್ತು ಮರೆತುಬಿಟ್ರಾ?" ಎಂದಳು. ಯಾರೂ ಮರೆತಿರಲಿಲ್ಲ. ಆದರೂ ಯಾರೂ ಕೋಟು ಬಿಚ್ಚಲಿಲ್ಲ.

ಯೊಮ್ ಅಜ್ಜಿ ಒಳಕ್ಕೆ ಬಂದು ಮಾನ್‌ಬೊಕ್‌ನ ಹಣೆ ಮುಟ್ಟಿದಳು. ಮುಟ್ಟಿದವಳೇ ಬೆಚ್ಚಿಬಿದ್ದಳು.

"ಐಸು ಆಗ್ಬಿಟ್ಟಿದಾನೆ! ಈಗತಾನೆ ಸುಡ್ತಿದ್ದ. ಗು ಅಣ್ಣನೂ ಹೋಗೋ ಮುಂಚೆ ಹಿಂಗೇ ತಣ್ಣಗಾದ."

ಮಾನ್‌ಬೊಕ್‌ನಿಗೆ ಆ ಕೈ ಕೆಂಡದಂತೆ ಅನ್ನಿಸಿತು. ಗಾಬರಿಯಲ್ಲಿ ಅದರ ಬಗ್ಗೆ ಯೋಚಿಸಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಭರದಿಂದ ಸಾಗಿತು. ಬದುಕಿದ್ದಾಗ ಒಂದು ಬಟ್ಟಲು ಸೂಪು ಬಿಸಿ ಮಾಡಿಕೊಡದ ಮುದುಕಿಯರು ಸಾಯುವವನಿಗಾಗಿ ಟೊಂಕ ಕಟ್ಟಿ ನಿಂತರು. ಒಬ್ಬಳು ಪೆಟ್ಟಿಗೆಯಿಂದ ಸೆಣಬಿನ ಶವವಸ್ತ್ರ ತಂದಳು. ಅಧಿಕಮಾಸದಲ್ಲಿ ಹೊಲಿಸಿಟ್ಟರೆ ಆಯಸ್ಸು ಹೆಚ್ಚುತ್ತದೆಂದು ಅವಳು ತನಗಾಗಿ ಹೊಲಿಸಿಟ್ಟಿದ್ದು ಅದು. "ಸದ್ಯಕ್ಕೆ ಅಣ್ಣ ಉಟ್ಕೊಳ್ಳಲಿ, ನನ್ನದೇನು ಅವಸರ" ಎಂದಳು. ಅಳತೆ ನೋಡಲು ಅದರ ತೋಳನ್ನು ಮಾನ್‌ಬೊಕ್‌ನ ಪಕ್ಕ ಹಾಸಿದರು.

"ಉದ್ದ ಆಯ್ತಲ್ಲ."

"ಅಲ್ಲಿಗೆ ಹೋದ್ಮೇಲೆ ಮಡಚ್ಕೋತಾನೆ ಬಿಡು."

"ಫೋಟೋ ಇದ್ಯಾ? ಹೆಣದ ಮುಂದೆ ಇಡೋಕೆ?"

"ಮೀನು ಹಿಡಿಯೋ ಸ್ಪರ್ಧೆದು ಒಂದಿದೆ. ಪಕ್ಕದಲ್ಲಿರೋ ಮೀನು ಕತ್ತರಿಸಿದ್ರಾಯ್ತು."

"ಕರ್ಮ ಯಾರು ಹಿಡೀತಾರೆ? ಮಕ್ಕಳಿಲ್ಲ ಮರಿಯಿಲ್ಲ" ಎಂದು ಪಾಂಗ್ ತಾತ ಕೇಳಿದ.

ಆಗ ಅಡುಗೆಮನೆ ಬಾಗಿಲಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದ ಸಾಂಗ್‌ಚುಲ್ ಗೊಳೋ ಎಂದು ಅತ್ತುಬಿಟ್ಟ. "ನಾನು ಹಿಡೀತೀನಿ! ಹತ್ತು ವರ್ಷ ಅಣ್ಣಾ ಅಂದಿದೀನಿ. ನನ್ನ ಒಡಹುಟ್ಟಿದೋನಾಗಿದ್ರೂ ಇಷ್ಟು ಕಾಫಿ ಮಾಡಿಕೊಡ್ತಿರ್ಲಿಲ್ಲ!"

ಅರೆತೆರೆದ ಬಾಗಿಲಿನಾಚೆ ಅಟ್ಟದ ಮೇಲಿನ ಮೂರು ದಿಂಬು ಕಾಣುತ್ತಿದ್ದವು. ಇನ್ನೊಂದು ಚಳಿಗಾಲ ಕಳೆದರೆ ಅಲ್ಲಿ ಎಷ್ಟಾಗುತ್ತವೋ. ತನ್ನೊಂದು ಹುಂಜಕ್ಕಾಗಿ.

"ಎಲ್ರೂ ಹೊರಗೆ ಹೋಗಿ" ಎಂದ ಕ್ಷೀಣವಾಗಿ. "ಸಾಂಗ್‌ಚುಲ್ ಒಬ್ಬನೇ ಇರ್ಲಿ."

ಕೊನೆಯ ಮಾತಿರಬೇಕೆಂದು ಎಲ್ಲರೂ ಗೌರವದಿಂದ ಹಿಂದೆ ಸರಿದು ಹೋದರು.

"ಬಾಗಿಲು ಹಾಕು."

"ಹಾಕ್ದೆ ಅಣ್ಣಾ. ಗಂಜಿ ಬಿಸಿ ಇದೆ, ಊದಿಕೊಡ್ಲಾ?"

"ನಾನು ಸಾಯ್ತಿಲ್ಲ ಕಣಯ್ಯ."

"ಸಾಯೋರೆಲ್ಲ ಹಂಗೇ ಅನ್ನೋದು ಅಣ್ಣಾ."

"ನಂಗೆ ಜ್ವರ ಇಲ್ಲ. ನೆಲಕ್ಕೆ ಹಣೆ ಒತ್ತಿದ್ದೆ. ನಂಗೆ ಎಂಬತ್ತೂ ಆಗಿಲ್ಲ. ನಾನು ಹುಂಜ ಅಲ್ಲ, ಕೋತಿ."

ಸಾಂಗ್‌ಚುಲ್ ಬೆರಳು ಮಡಚಿ ಎಣಿಸಿದ. "ಕೋತಿ ಅಂದ್ರೆ... ಎಂಬತ್ತೊಂದಾ?"

"ಅದಲ್ಲ. ಅದರ ಮುಂದಿನ ಸುತ್ತಿನ ಕೋತಿ. ಅರವತ್ತೊಂಬತ್ತು."

ಗಂಜಿಯ ಚಮಚ ಮಾನ್‌ಬೊಕ್‌ನ ಬೋಳುತಲೆಯ ಮೇಲೆ ಟಣ್ಣೆಂದು ಬಿತ್ತು.

"ಲೋ! ಹತ್ತು ವರ್ಷ ನಿನ್ನ ಚಪ್ಪಲಿ ತಿರುಗಿಸಿಟ್ಟೆನಲ್ಲೋ!"

"ತಪ್ಪಾಯ್ತು. ನೀನು ಹಾವಿನ ವರ್ಷ, ಎಪ್ಪತ್ತೆರಡು. ನಂಗಿಂತ ಮೂರು ವರ್ಷಕ್ಕೆ ದೊಡ್ಡೋನು..."

"ಮೂರಾ?" ಸಾಂಗ್‌ಚುಲ್ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ದನಿ ತಗ್ಗಿಸಿದ. "ಹನ್ನೆರಡು ಕಣೋ, ಹನ್ನೆರಡು! ನಾನೂ ಕೋತಿನೇ. ಹಿಂದಿನ ಸುತ್ತಿನದು."

ಇಬ್ಬರು ಕೋತಿಗಳೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಕಪ್ಪು ಬಣ್ಣದ ಕೂದಲಿನ ಬುಡದಲ್ಲಿ ಬೆಳ್ಳಗಿನ ಗೆರೆ ಇದ್ದದ್ದು ಮಾನ್‌ಬೊಕ್‌ನಿಗೆ ಅಂದೇ ಮೊದಲ ಸಲ ಕಂಡಿತು. ಎಂಬತ್ತೊಂದರ ಮುದುಕ ಹತ್ತು ವರ್ಷ ತನ್ನ ಎಂಜಲು ಲೋಟ ತೊಳೆದಿದ್ದ.

"ಯಾಕೆ?" ಎಂದ.

"ಮೊದಲು ಹೊಟ್ಟೆಪಾಡಿಗೆ. ಕಡಲಪಾಚಿ ಒಣಗಿಸೋ ಕಾರ್ಖಾನೆಲಿ ಮುದುಕರಿಗೆ ಕೆಲಸ ಕೊಡ್ತಿರ್ಲಿಲ್ಲ, ಒಂಬತ್ತು ವರ್ಷ ಇಳಿಸಿ ಹೇಳ್ದೆ. ಆಮೇಲೆ ಈ ಮನೆಗೆ ಬಂದು ನೋಡ್ತೀನಿ, ಆ ಬೆಚ್ಚನೆ ಜಾಗದಲ್ಲಿ ಕೂತೋರು ಒಬ್ರೂ ನಡ್ಕೊಂಡು ಹೊರಗೆ ಹೋಗಿಲ್ಲ. ಎಲ್ರನ್ನೂ ಹೊತ್ಕೊಂಡೇ ಹೋಗಿದ್ದು. ಯಮದೂತ ಬಂದ್ರೆ ಸೀದಾ ಹಿರಿಯರ ಜಾಗ ನೋಡ್ತಾನೆ. ಕಾಫಿ ಮಾಡೋನ ಮುಖ ಯಾರು ನೋಡ್ತಾರೆ?"

"ಅದಕ್ಕೇ ನನ್ನ ಅಲ್ಲಿ ಕೂರ್ಸಿದ್ಯಾ?"

"ನೀನೇ ಹಾರಿ ಕೂತೆ. ನಾನು ಕಾಫಿ ಕೊಟ್ಟೆ ಅಷ್ಟೇ."

ಮಾನ್‌ಬೊಕ್ ಎದ್ದು ಕೂತ. "ಹಂಗಾದ್ರೆ ನೀನೇ ಹಿರಿಯಣ್ಣ. ಹೊರಗೆ ಬಾ, ನಿಜ ಹೇಳೋಣ. ನೀನು ಮೊದಲು ಹಾಕಿಸ್ಕೊ, ಎಲ್ರೂ ಹಾಕಿಸ್ಕೋತಾರೆ."

ಸಾಂಗ್‌ಚುಲ್‌ನ ಮುಖ ಸುಣ್ಣವಾಯಿತು. ಬಗ್ಗಿದ ಸೊಂಟವನ್ನು ಇನ್ನೂ ಬಗ್ಗಿಸಿ, ತನಗಿಂತ ಹನ್ನೆರಡು ವರ್ಷ ಚಿಕ್ಕವನ ಪಾದದ ಬಳಿ ಹಣೆಯಿಟ್ಟ. "ಬೇಡ ಕಣೋ. ನಿನ್ನ ಕಾಲಿಗೆ ಬೀಳ್ತೀನಿ. ಸಾಯೋವರೆಗೂ ನಿನ್ನ ಪಾತ್ರೆ ತೊಳೀತೀನಿ, ನನ್ನ ಆ ಜಾಗದಲ್ಲಿ ಮಾತ್ರ ಕೂರಿಸ್ಬೇಡ. ನಂಗೆ ಹೆದರಿಕೆ." ಮಾನ್‌ಬೊಕ್‌ನ ಎರಡೂ ಹಿಮ್ಮಡಿ ಗಟ್ಟಿಯಾಗಿ ಹಿಡಿದುಕೊಂಡ. ನಗಬೇಕೆಂದುಕೊಂಡಿದ್ದ ಮಾನ್‌ಬೊಕ್‌ನಿಗೆ ನಗು ಬರಲಿಲ್ಲ.

ಅಷ್ಟರಲ್ಲಿ ನರ್ಸ್ ಬಾಗಿಲು ಸರಿಸಿ ಒಳಗೆ ಬಂದಳು. ಸಾಂಗ್‌ಚುಲ್ ಥಟ್ಟನೆ ಎದ್ದು, "ಅಣ್ಣಾ, ಒಂದು ತುತ್ತು ಗಂಜಿ ತಗೊಳ್ಳಿ" ಎಂದು ಚಮಚ ಚಾಚಿದ.

"ಸಾಕು ನಾಟಕ" ಎಂದಳು ನರ್ಸ್. ಮಾನ್‌ಬೊಕ್‌ನ ಹಣೆಗೆ ಬಂದೂಕು ಹಿಡಿದಳು. ಅದು ತೆಪ್ಪಗಿತ್ತು. "ಊರಿನ ಲಿಸ್ಟಲ್ಲಿದ್ದ ಸಂಖ್ಯೆ ಒತ್ತಿದ ಕೂಡ್ಲೇ ನಿಮ್ಮಿಬ್ರ ವಯಸ್ಸೂ ನಂಗೆ ಗೊತ್ತಾಯ್ತು. ಒಬ್ಬರ ವಯಸ್ಸು ಇನ್ನೊಬ್ರಿಗೆ ನಾನು ಹೇಳೋ ಹಾಗಿಲ್ಲ. ಹೊರಗೆ ಅಷ್ಟು ಜನ ಸೂಜಿ ಇಲ್ದೆ ಮನೆಗೆ ಹೊರಟಿದಾರೆ. ನೀವೇ ಹೇಳಿ, ಏನ್ಮಾಡ್ಲಿ?"

"ನಂಗೂ ಒಂದು ಚುಚ್ಚಿಬಿಡಮ್ಮಾ, ಮುಗೀತು" ಎಂದ ಮಾನ್‌ಬೊಕ್.

"ಯಂತ್ರ ಒಪ್ಪಲ್ಲ ತಾತ. ನಿಮ್ಮ ವಯಸ್ಸಿನೋರ ಬಾಗಿಲು ಇನ್ನೂ ತೆರೆದಿಲ್ಲ."

ಬಾಯಿ ಬಿಟ್ಟರೆ ಬಣ್ಣಗೇಡು, ಮುಚ್ಚಿದರೆ ಊರುಗೇಡು. ಕೊನೆಗೆ ಮಾನ್‌ಬೊಕ್ ಕೇಳಿದ: "ಸೂಜಿ ಇಲ್ದೆ, ತೋಳಿಗೆ ಬರೀ ಬಿಳಿ ಪಟ್ಟಿ ಅಂಟಿಸೋಕೆ ಯಂತ್ರ ಒಪ್ಪತ್ತಾ?"

ನರ್ಸ್ ಅವನನ್ನೇ ನೋಡಿದಳು. "ಪಟ್ಟಿಗೆ ವಯಸ್ಸಿಲ್ಲ. ನಾನು ಅಂಟಿಸ್ತೀನಿ. ಹೊರಗೆ ಹೋಗಿ ಏನು ಹೇಳ್ತೀರೋ ಅದು ನಿಮ್ಮ ಬಾಯಿ."

ಸ್ವಲ್ಪ ಹೊತ್ತಿನಲ್ಲಿ ಮಾನ್‌ಬೊಕ್ ಅಂಗಿಯ ತೋಳು ಮಡಚಿ, ಬಿಳಿ ಪಟ್ಟಿ ಎಲ್ಲರಿಗೂ ಕಾಣುವಂತೆ ಹೊರಗೆ ಬಂದ. ಸತ್ತವನೇ ಎದ್ದುಬಂದಂತೆ ಕೋಣೆ ಬಾಯಿ ಬಿಟ್ಟಿತು.

"ಜ್ವರ ಹೋಯ್ತು. ಸೂಜಿ ಆಯ್ತು" ಎಂದು ಘೋಷಿಸಿದ. "ಇರುವೆ ಕಚ್ಚಿದಷ್ಟೂ ನೋವಿಲ್ಲ." ಆ ಮಾತಾದರೂ ಸತ್ಯವಾಗಿತ್ತು.

ಶವವಸ್ತ್ರ ತಂದವಳು ತುಸು ನಿರಾಸೆಯಿಂದಲೇ ಅದನ್ನು ಮಡಚಿದಳು. ಪಾಂಗ್ ತಾತ ಕೋಟು ಬಿಚ್ಚಿದ. ಅವನ ಹಿಂದೆ ಉಳಿದವರು ಸಾಲುಗಟ್ಟಿದರು. ಯೊಮ್ ಅಜ್ಜಿ ಮಾತ್ರ, "ಅಡುಗೆಮನೇಲಿ ಸ್ವಲ್ಪ ಕೆಲಸ" ಎಂದು ಹೋಗಿ ತಡವಾಗಿ ಬಂದಳು. ಬಂದಾಗ ಮುಖದ ಮೇಲೆ ನೀರಿತ್ತು, ಸ್ವಲ್ಪ ಮೀನು ನಾರುತ್ತಿದ್ದಳು. ಜ್ವರದ ಬಂದೂಕು ಅವಳ ಹಣೆಗೆ ತೆಪ್ಪಗಿತ್ತು. ಎಲ್ಲರದೂ ಮುಗಿದಮೇಲೆ ಲೋಟ ಎತ್ತುವ ನೆಪದಲ್ಲಿ ಸಾಂಗ್‌ಚುಲ್ ಒಳಗೆ ಹೋಗಿ ತನ್ನದನ್ನೂ ಗುಟ್ಟಾಗಿ ಹಾಕಿಸಿಕೊಂಡ. ಖಾಲಿ ಪೆಟ್ಟಿಗೆಯೊಂದಿಗೆ ನರ್ಸ್ ದೋಣಿಯ ಕಡೆ ಓಡಿದಳು.

"ಇವತ್ತು ಯಾರೂ ಕುಡೀಬೇಡಿ!" ಎಂದು ಗಾಳಿಯಲ್ಲಿ ಕೂಗಿದಳು. ಎಲ್ಲರೂ ವಿಧೇಯರಾಗಿ ತಲೆಯಾಡಿಸಿದರು. ದೋಣಿ ಬಂದರಿನ ಬಾಯಿ ದಾಟುವವರೆಗೆ ಕಾದರು. ಆಮೇಲೆ ಅಕ್ಕಿ ಹೆಂಡದ ಕೊಡ ಹೊರಬಂತು.

ಅಣ್ಣ ಸಾವಿನ ಬಾಯಿಂದ ತಿರುಗಿ ಬಂದಿದ್ದ. ಅದನ್ನು ಸುಮ್ಮನೆ ಬಿಡಲಾಗುತ್ತದೆಯೇ? ಅವನನ್ನು ಬೆಚ್ಚನೆಯ ಜಾಗದಲ್ಲಿ ಕೂರಿಸಿ, ಸುತ್ತ ಎಲ್ಲರೂ ಕೂತರು. ಹೊರಗೆ ಗಾಳಿ ಶುರುವಾಗಿ ಕಿಟಕಿ ಬಡಿದುಕೊಳ್ಳುತ್ತಿತ್ತು. ಮಾನ್‌ಬೊಕ್ ಖುಷಿಯಾಗಿದ್ದ. ಸುತ್ತಲಿನ ತೋಳುಗಳ ಮೇಲೆಲ್ಲ ಬಿಳಿ ಪಟ್ಟಿ. ಅಟ್ಟಕ್ಕೆ ಈ ವರ್ಷ ಹೊಸ ದಿಂಬು ಬೇಡ. ಗಾಳಿ ನಿಂತಮೇಲೆ ತಾನು ಮೊಕ್ಪೊಗೆ ಹೋಗಿ ಬಂದರಾಯಿತು. ಜೀವಮಾನದಲ್ಲಿ ಮೊದಲ ಸಲ ತಾನು ನಿಜವಾಗಿ ಯಾರಿಗೋ ಅಣ್ಣನಾದೆ ಅನ್ನಿಸಿ ಅವನ ಕಣ್ಣು ತುಂಬಿತು.

ಯೊಮ್ ಅಜ್ಜಿ ತನ್ನ ಬಟ್ಟಲಿನಿಂದ ಒಂದು ಗುಟುಕು ರುಚಿ ನೋಡಿ, ಅದನ್ನೇ ಎರಡೂ ಕೈಯಲ್ಲಿ ಅವನಿಗೆ ನೀಡಿದಳು. ತನ್ನ ಬಟ್ಟಲನ್ನೇ ಕೊಡುವುದು ಪ್ರೀತಿ. ಅದನ್ನು ಖಾಲಿ ಮಾಡುವುದು ಹಿರಿತನ. ಕೊಡುವಾಗ ಅವಳು ಬಟ್ಟಲಿನ ಮೇಲೆಯೇ ಗೊಕ್ಕೆಂದು ಕೆಮ್ಮಿದಳು.

"ಮೊಮ್ಮಕ್ಕಳು ಹಬ್ಬಕ್ಕೆ ಬಂದಾಗ ಬಿಟ್ಟುಹೋದ ಕೆಮ್ಮು ಅಣ್ಣಾ. ಬೆಳಗಿಂದ ಮೈ ಕೆಂಡ. ನಿಮ್ಮನ್ನ ಜ್ವರ ಅಂತ ಒಳಗೆ ಕಳಿಸಿದ್ದು ನೋಡಿ ನಂಗೆ ಬುದ್ಧಿ ಬಂತು. ಫ್ರಿಜ್ಜಲ್ಲಿ ಗಟ್ಟಿಯಾಗಿದ್ದ ಮೀನು ತೆಗೆದು ಹಣೆಗೆ ಒತ್ಕೊಂಡೆ. ಆ ಹುಡುಗಿಗೆ ಗೊತ್ತೇ ಆಗ್ಲಿಲ್ಲ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಣೆಯ ಮೇಲಿದ್ದ ಆ ಕೆಂಡದಂಥ ಅಂಗೈ ಮಾನ್‌ಬೊಕ್‌ನಿಗೆ ಈಗ ನೆನಪಾಯಿತು.

"ಹೆದರ್ಬೇಡಿ" ಎಂದಳು ಅಜ್ಜಿ. "ನಿಮಗೆ ಸೂಜಿ ಆಗಿದೆಯಲ್ಲ."

ಬಟ್ಟಲು ಅವನ ಕೈಯಲ್ಲಿತ್ತು. ಉಳಿದವರೆಲ್ಲ ತಮ್ಮ ತಮ್ಮ ಬಟ್ಟಲು ಹಿಡಿದು ಕಾಯುತ್ತಿದ್ದರು. ಅವನು ಕುಡಿಯದೆ ಯಾರೂ ಕುಡಿಯುವಂತಿಲ್ಲ. ಅವನದಾದಮೇಲೆ ಪಾಂಗ್ ತಾತನ ಬಟ್ಟಲು, ಆಮೇಲೆ ಮುದುಕಿಯರದು, ಒಂದೊಂದೂ ಮೊದಲು ಅವನ ಬಾಯಿಗೇ ಬರಬೇಕು. ಮಾನ್‌ಬೊಕ್ ಕೋಣೆಯ ಆಚೆ ಬದಿಯಲ್ಲಿ ಲೋಟ ಒರೆಸುತ್ತಿದ್ದ ಸಾಂಗ್‌ಚುಲ್‌ನತ್ತ ನೋಡಿದ. ಸಾಂಗ್‌ಚುಲ್‌ಗೆ ಎಲ್ಲ ಅರ್ಥವಾಗಿತ್ತು. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಬೆಚ್ಚನೆಯ ಜಾಗದತ್ತ ಒಮ್ಮೆ ಕಣ್ಣುಹಾಯಿಸಿ, ತಲೆ ತಗ್ಗಿಸಿ, ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದ.

"ಏನು ಯೋಚನೆ? ಕುಡೀರಿ!" ಎಂದಳು ಯೊಮ್ ಅಜ್ಜಿ. "ಮೊದಲು ಅಣ್ಣನಿಗೆ!"

"ಮೊದಲು ಅಣ್ಣನಿಗೆ!" ಎಂದರು ಎಲ್ಲರೂ.

ಮಾನ್‌ಬೊಕ್ ಕುಡಿದ. ಪಾಂಗ್ ತಾತ ತನ್ನ ಬಟ್ಟಲು ನೀಡಲು ಮುಂದೆ ಬಾಗಿದವನು ಹಿರಿಯಣ್ಣನ ಬಿಳುಚಿದ ಮುಖ ನೋಡಿ, ಅಟ್ಟದ ದಿಂಬುಗಳತ್ತ ಕಣ್ಣೆತ್ತಿ ಒಂದು ಕ್ಷಣ ತಡೆದ. ಆಮೇಲೆ ಬಟ್ಟಲನ್ನು ಅವನ ಕೈಗಿಟ್ಟು, ತಾನು ಕೂತಿದ್ದ ಚಾಪೆಯನ್ನು ಆ ಬೆಚ್ಚನೆಯ ಜಾಗದಿಂದ ಒಂದು ಮೊಳ ಹಿಂದಕ್ಕೆ ಎಳೆದುಕೊಂಡ.